ಬಸ್ಸಿನಲ್ಲೇ ಕಳೆದ ಹರೆಯ: ಬೇಸ್‌ಬಾಲ್ ಮೈನರ್ ಲೀಗ್‌ನ ಹುಡುಗರ ಕಥೆ

ಬೇಸ್‌ಬಾಲ್ ಎಂದ ಕೂಡಲೇ ನಮ್ಮ ಕಡೆಯವರ ಕಣ್ಣಿಗೆ ಕಟ್ಟುವುದು ಇಂಗ್ಲಿಷ್ ಸಿನಿಮಾಗಳಲ್ಲಿ ಕಾಣುವ ದೊಡ್ಡ ಕ್ರೀಡಾಂಗಣ, ಕಿಕ್ಕಿರಿದ ಜನ, ಕೋಟಿಗಟ್ಟಲೆ ಸಂಬಳದ ಆಟಗಾರರು. ಆದರೆ ಆ ಮೈದಾನಕ್ಕೆ ಹೋಗುವ ದಾರಿ ಎಲ್ಲಿಂದ ಆರಂಭವಾಗುತ್ತದೆ? ಆ ದಾರಿಯಲ್ಲಿ ನಡೆದ ಹುಡುಗರು ಹೇಗೆ ಬದುಕಿದರು? ಅವರ ದುಡಿಮೆಗೆ ಸಿಕ್ಕಿದ್ದೇನು? ಸುಮಾರು ಒಂದು ಶತಮಾನದ ಈ ಇತಿಹಾಸವನ್ನು ಸ್ವಲ್ಪ ನೋಡೋಣ ಬನ್ನಿ.

ಅಮೆರಿಕ ಮತ್ತು ಕೆನಡಾದ 30 ಅಗ್ರ ತಂಡಗಳು ಸೇರಿದ್ದೇ ಮೇಜರ್ ಲೀಗ್. ಅದರ ಕೆಳಗೆ ರೂಕಿ, ಸಿಂಗಲ್ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ ಎಂಬ ಮೆಟ್ಟಿಲುಗಳಿವೆ. ಇವೆಲ್ಲಾ ಸೇರಿ ಮೈನರ್ ಲೀಗ್. ನಮ್ಮ ಯಕ್ಷಗಾನ ಮೇಳದಲ್ಲಿ ಹೊಸ ಹುಡುಗ ಕೋಡಂಗಿ, ಬಾಲಗೋಪಾಲ ವೇಷಗಳಿಂದ ಆರಂಭಿಸಿ ಮೇಲೇರುವಂತೆ, ಹದಿನೆಂಟು ಇಪ್ಪತ್ತರ ಹುಡುಗ ಇಲ್ಲಿ ಒಂದೊಂದೇ ಮೆಟ್ಟಿಲು ಹತ್ತಬೇಕು. ಹತ್ತು ಮಂದಿಯಲ್ಲಿ ಹೆಚ್ಚುಕಡಿಮೆ ಒಬ್ಬ ಮಾತ್ರ ಮೇಜರ್ ಲೀಗ್ ತಲುಪುತ್ತಾನೆ ಎಂಬುದು ಅಲ್ಲಿ ವಾಡಿಕೆಯ ಲೆಕ್ಕ. ಉಳಿದವರು ಇಪ್ಪತ್ತೈದರ ಆಸುಪಾಸಿನಲ್ಲಿ ಬೇರೆ ಕೆಲಸ ಹುಡುಕಬೇಕು.

ಈ ಮೆಟ್ಟಿಲುಗಳು ಮೊದಲಿನಿಂದಲೂ ಹೀಗೆಯೇ ಇರಲಿಲ್ಲ. 1901ರಲ್ಲಿ ಸಣ್ಣ ಲೀಗ್‌ಗಳು ಒಟ್ಟಾಗಿ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡಾಗ ಬಹುತೇಕ ಸಣ್ಣ ಊರುಗಳ ತಂಡಗಳು ಸ್ವತಂತ್ರವಾಗಿದ್ದವು. ಒಳ್ಳೆಯ ಹುಡುಗನನ್ನು ತಯಾರು ಮಾಡಿ ದೊಡ್ಡ ತಂಡಕ್ಕೆ ಮಾರಿದರೆ ಆ ಊರಿನ ತಂಡಕ್ಕೆ ನಾಲ್ಕು ಕಾಸು ಬರುತ್ತಿತ್ತು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬ್ರಾಂಚ್ ರಿಕಿ ಎಂಬ ಚಾಣಾಕ್ಷ ಇದಕ್ಕೆ ಬೇರೆ ಉಪಾಯ ಹುಡುಕಿದ. ಹಣ ಕೊಟ್ಟು ಹುಡುಗರನ್ನು ಕೊಳ್ಳುವ ಬದಲು ಸಣ್ಣ ತಂಡಗಳನ್ನೇ ಕೈಗೆ ತೆಗೆದುಕೊಂಡು ಅಲ್ಲೇ ಆಟಗಾರರನ್ನು ಬೆಳೆಸುವುದು! 1920ರ ದಶಕದಲ್ಲಿ ಆರಂಭವಾದ ಈ ಪದ್ಧತಿಗೆ 'ಫಾರ್ಮ್' ಎಂದೇ ಹೆಸರು ಬಿತ್ತು. ಅಂದರೆ ಬೇಸಾಯದ ಹೊಲ. ಹುಡುಗರೇ ಅಲ್ಲಿನ ಬೆಳೆ. 1930ರ ದಶಕದ ಕೊನೆಗೆ ಕಾರ್ಡಿನಲ್ಸ್ ಕೈಕೆಳಗೆ ಮೂವತ್ತಕ್ಕೂ ಹೆಚ್ಚು ತಂಡಗಳಿದ್ದವು. ಹುಡುಗರನ್ನು ಹೀಗೆ ಕೂಡಿಹಾಕುವುದು ಅನ್ಯಾಯವೆಂದು 1938ರಲ್ಲಿ ಬೇಸ್‌ಬಾಲ್ ಆಯುಕ್ತ ಲ್ಯಾಂಡಿಸ್ ಆ ತಂಡದ 70ಕ್ಕೂ ಹೆಚ್ಚು ಕಿರಿಯ ಆಟಗಾರರನ್ನು ಒಂದೇ ಏಟಿಗೆ ಬಿಡುಗಡೆ ಮಾಡಿದ.

ಬಿಡುಗಡೆ ಎಂಬ ಮಾತೇಕೆ ಬಂತು? ಆಟಗಾರನ ಕರಾರಿನಲ್ಲಿ 'ರಿಸರ್ವ್' ಎಂಬ ಷರತ್ತು ಇರುತ್ತಿತ್ತು. ಒಮ್ಮೆ ಸಹಿ ಹಾಕಿದರೆ ಆತ ಆ ತಂಡದವನೇ. ತಂಡ ಅವನನ್ನು ಮಾರಬಹುದು, ಕೆಳಗಿಳಿಸಬಹುದು, ಕೈಬಿಡಬಹುದು. ಆದರೆ ಅವನು ತಾನಾಗಿ ಬೇರೆ ತಂಡಕ್ಕೆ ಹೋಗುವಂತಿಲ್ಲ. ಬೇರೆ ಉದ್ಯಮಗಳಲ್ಲಿ ಏಕಸ್ವಾಮ್ಯವನ್ನು ತಡೆಯುವ ಕಾನೂನು ಬೇಸ್‌ಬಾಲಿಗೆ ಅನ್ವಯಿಸುವುದಿಲ್ಲ ಎಂದು 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಹಾಗಾಗಿ ಈ ಷರತ್ತಿನ ವಿರುದ್ಧ ಹೋರಾಡುವುದು ಸುಲಭವಿರಲಿಲ್ಲ.

ಇನ್ನು ದಿನನಿತ್ಯದ ಬದುಕು. 2020ಕ್ಕೆ ಮುಂಚೆ ಪೂರ್ಣ ಋತುವಿನ ಲೀಗ್‌ಗಳಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್ ಆರಂಭದವರೆಗೆ ಸುಮಾರು 140 ಪಂದ್ಯಗಳು. ರಜೆ ಎಂಬುದು ಅಪರೂಪ. ರಾತ್ರಿ ಪಂದ್ಯ ಮುಗಿಸಿ ಬಸ್ ಹತ್ತಿದರೆ ಬೆಳಗ್ಗೆ ಇನ್ನೊಂದು ಊರು, ಮಧ್ಯಾಹ್ನ ಅಭ್ಯಾಸ, ಸಂಜೆ ಮತ್ತೆ ಪಂದ್ಯ. ಬಾಡಿಗೆ ಉಳಿಸಲು ನಾಲ್ಕೈದು ಮಂದಿ ಒಂದೇ ಮನೆಯಲ್ಲಿ ನೆಲದ ಮೇಲೆ ಗಾಳಿ ತುಂಬಿದ ಹಾಸಿಗೆ ಹಾಕಿ ಮಲಗುತ್ತಿದ್ದರು. ಎಷ್ಟೋ ಊರುಗಳಲ್ಲಿ ಸ್ಥಳೀಯ ಕುಟುಂಬಗಳೇ ಹುಡುಗರಿಗೆ ಮನೆಯಲ್ಲಿ ಜಾಗ ಕೊಟ್ಟು ಊಟ ಹಾಕಿದ್ದೂ ಇದೆ. ಆಟವಿಲ್ಲದ ಚಳಿಗಾಲದಲ್ಲಿ ಸಂಬಳವೂ ಇರಲಿಲ್ಲ. ಆಗ ಅಂಗಡಿ, ಗೋದಾಮು, ಸಿಕ್ಕಿದ ಕೂಲಿ.

ಬಿಳಿಯ ಹುಡುಗರಿಗೇ ಇಷ್ಟು ಕಷ್ಟವಿದ್ದರೆ ಕರಿಯ ಹುಡುಗರ ಪಾಡೇನು? 1946ರ ಏಪ್ರಿಲ್ 18ರಂದು ಜರ್ಸಿ ಸಿಟಿಯಲ್ಲಿ ಮಾಂಟ್ರಿಯಲ್ ರಾಯಲ್ಸ್ ಪರ ಜಾಕಿ ರಾಬಿನ್ಸನ್ ಕಣಕ್ಕಿಳಿದರು. ಮರುವರ್ಷ ಮೇಜರ್ ಲೀಗ್‌ನ ವರ್ಣಗೋಡೆಯನ್ನು ಒಡೆದ ಈ ಆಟಗಾರ ಮೊದಲು ಒಡೆದದ್ದು ಮೈನರ್ ಲೀಗ್‌ನ ಗೋಡೆಯನ್ನು. ಅಭ್ಯಾಸದ ದಿನಗಳಲ್ಲಿ ಫ್ಲೋರಿಡಾದ ಕೆಲವು ಊರುಗಳು ಅವರಿದ್ದ ಪಂದ್ಯಗಳನ್ನೇ ರದ್ದು ಮಾಡಿದ್ದವು! ಅವರನ್ನು ಆರಿಸಿ ಕರೆತಂದದ್ದು ಅದೇ ಬ್ರಾಂಚ್ ರಿಕಿ. ಆಗ ಆತ ಬ್ರೂಕ್ಲಿನ್ ಡಾಡ್ಜರ್ಸ್ ತಂಡದಲ್ಲಿದ್ದ. ಹುಡುಗರನ್ನು ಬೆಳೆಯಂತೆ ಕಂಡವನೇ ಈ ಬಾಗಿಲನ್ನೂ ತೆರೆದ. ಇತಿಹಾಸದಲ್ಲಿ ಹೀಗೂ ಆಗುತ್ತದೆ.

ಒಂದು ಬಾಗಿಲು ತೆರೆದರೆ ಎಲ್ಲ ಬಾಗಿಲುಗಳೂ ತೆರೆಯಲಿಲ್ಲ. 1953ರಲ್ಲಿ ಹತ್ತೊಂಬತ್ತರ ಹ್ಯಾಂಕ್ ಆರನ್ ಜಾಕ್ಸನ್‌ವಿಲ್ ತಂಡದಲ್ಲಿ ಆಡಿ ಆ ಲೀಗ್‌ನ ಅತ್ಯುತ್ತಮ ಆಟಗಾರನಾದರು. ಆದರೆ ಜೊತೆಯ ಬಿಳಿಯರು ಹೋಟೆಲಿಗೆ ಊಟಕ್ಕೆ ಹೋದಾಗ ಅವರು ಬಸ್ಸಿನಲ್ಲೇ ಕೂತು, ಯಾರಾದರೂ ತಂದುಕೊಟ್ಟದ್ದನ್ನು ತಿನ್ನಬೇಕಿತ್ತು. ಮುಂದೆ ಇವರೇ ಮೇಜರ್ ಲೀಗ್‌ನಲ್ಲಿ 755 ಹೋಮ್ ರನ್ ಹೊಡೆದರು. ಡೊಮಿನಿಕನ್ ಗಣರಾಜ್ಯದಿಂದ ಬಂದ ಫೆಲಿಪೆ ಅಲೂ ಅವರನ್ನು 1956ರಲ್ಲಿ ಲೂಸಿಯಾನದ ಲೇಕ್ ಚಾರ್ಲ್ಸ್ ತಂಡಕ್ಕೆ ಕಳಿಸಿದರು. ಬಣ್ಣದ ಕಾರಣಕ್ಕೆ ಅಲ್ಲಿ ಆಡಲು ಬಿಡದೆ ಫ್ಲೋರಿಡಾದ ಕೊಕೊ ಎಂಬ ಊರಿಗೆ ಸಾಗಹಾಕಿದರು. ಹೊಸ ದೇಶ, ಬಾರದ ಭಾಷೆ, ಜೊತೆಗೆ ಈ ಅವಮಾನ! ಅದೇ ಅಲೂ 1992ರಲ್ಲಿ ಮೇಜರ್ ಲೀಗ್ ತಂಡವೊಂದರ ಮೊದಲ ಡೊಮಿನಿಕನ್ ಮ್ಯಾನೇಜರ್ ಆದರು.

ಇವರೆಲ್ಲ ಮೇಲೇರಿದವರು. ಏರದವರ ಬಗ್ಗೆ ತಿಳಿಯಲು ಒಂದು ರಾತ್ರಿಯ ಕಥೆ ಸಾಕು. ರಾಬಿನ್ಸನ್ ಅವರ ಆ ಪಂದ್ಯಕ್ಕೆ ಸರಿಯಾಗಿ 35 ವರ್ಷಗಳ ನಂತರ, 1981ರ ಏಪ್ರಿಲ್ 18ರಂದು, ಪಾಟಕೆಟ್ ಮತ್ತು ರಾಚೆಸ್ಟರ್ ತಂಡಗಳು ಎದುರಾದವು. ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಸಮವಾದರೆ ಗೆಲುವು ಸಿಗುವವರೆಗೆ ಮುಂದುವರಿಸುವುದು ಅಂದಿನ ನಿಯಮ. ಆ ರಾತ್ರಿ ಗೆಲುವು ಬರಲೇ ಇಲ್ಲ. ಚಳಿ ತಾಳಲಾರದೆ ಆಟಗಾರರು ಮುರಿದ ಬ್ಯಾಟುಗಳನ್ನೇ ಉರಿಸಿ ಮೈ ಕಾಯಿಸಿಕೊಂಡರು. ಬೆಳಗಿನ ಜಾವ 4 ಗಂಟೆ ದಾಟಿದ ಮೇಲೆ, 32 ಇನಿಂಗ್ಸ್ ಮುಗಿದು 2-2 ಸಮವಾಗಿದ್ದಾಗ, ಲೀಗ್ ಅಧ್ಯಕ್ಷರ ಅಪ್ಪಣೆಯಂತೆ ಆಟ ನಿಂತಿತು. ಆಗ ಉಳಿದಿದ್ದ ಪ್ರೇಕ್ಷಕರು 19 ಮಂದಿ!

ಜೂನ್ 23ರಂದು ಪಂದ್ಯ ಮುಂದುವರಿದು 18 ನಿಮಿಷದಲ್ಲಿ ಮುಗಿಯಿತು. 33ನೇ ಇನಿಂಗ್ಸ್‌ನಲ್ಲಿ ಗೆಲುವಿನ ಹೊಡೆತ ಹೊಡೆದವರು ಪಾಟಕೆಟ್‌ನ ಡೇವ್ ಕೋಜಾ. ಆ ಪಂದ್ಯದಲ್ಲಿದ್ದ ಕ್ಯಾಲ್ ರಿಪ್ಕನ್ ಮತ್ತು ವೇಡ್ ಬಾಗ್ಸ್ ಮುಂದೆ ಮಹಾನ್ ಆಟಗಾರರಾಗಿ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದರು. ಕೋಜಾ ಮಾತ್ರ ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ.

ಈ ದಾರಿಯಲ್ಲಿ ನಮ್ಮ ದೇಶದ ಇಬ್ಬರು ಹುಡುಗರೂ ನಡೆದಿದ್ದಾರೆ. ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಜಾವೆಲಿನ್ ಎಸೆತಗಾರರು. (ಈ ರಿಂಕು ಸಿಂಗ್ ಕ್ರಿಕೆಟಿಗನಲ್ಲ, ಬೇರೆಯವರು.) 2008ರಲ್ಲಿ ವೇಗವಾಗಿ ಚೆಂಡೆಸೆಯುವ ಟಿ.ವಿ. ಸ್ಪರ್ಧೆಯೊಂದರಿಂದ ಅಮೆರಿಕಕ್ಕೆ ಹೋಗಿ, ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಕರಾರಿಗೆ ಸಹಿ ಹಾಕಿದರು. 2009ರಲ್ಲಿ ಫ್ಲೋರಿಡಾದ ರೂಕಿ ಲೀಗ್‌ನಲ್ಲಿ ಆಡಿದರು. ಮೊದಲು ಬೇಸ್‌ಬಾಲನ್ನೇ ನೋಡಿರದ ಹುಡುಗರ ಮಟ್ಟಿಗೆ ಇದು ಸಣ್ಣ ಸಾಧನೆಯಲ್ಲ. ದಿನೇಶ್ ಅವರನ್ನು ತಂಡ 2010ರಲ್ಲಿ ಕೈಬಿಟ್ಟಿತು. ರಿಂಕು 2011ರಲ್ಲಿ ಒಂದು ಮೆಟ್ಟಿಲು ಮೇಲೇರಿದರು. ಆಮೇಲೆ ಗಾಯಗಳು ಬಿಡಲಿಲ್ಲ; ಕೊನೆಗೆ ವೃತ್ತಿಪರ ಕುಸ್ತಿಗೆ ಹೋದರು.

ಈಗ ಸಂಬಳದ ವಿಚಾರಕ್ಕೆ ಬರೋಣ. ತಾನು ಮಾರುವ ಕೊಳ್ಳುವ ವಸ್ತುವಲ್ಲ ಎಂದು ಕರ್ಟ್ ಫ್ಲಡ್ ಎಂಬ ಮೇಜರ್ ಲೀಗ್ ಆಟಗಾರ ಹೂಡಿದ ಮೊಕದ್ದಮೆ 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಆದರೆ 1975ರ ಕೊನೆಯಲ್ಲಿ ಮಧ್ಯಸ್ಥಿಕೆಯ ತೀರ್ಪೊಂದು ರಿಸರ್ವ್ ಷರತ್ತನ್ನು ಮುರಿಯಿತು. ಅಲ್ಲಿಂದ ಮೇಲಿನವರ ಸಂಬಳ ಆಕಾಶಕ್ಕೇರಿತು. ಕೆಳಗಿನ ಹುಡುಗರಿಗೆ ಸಂಘವೇ ಇರಲಿಲ್ಲ. ಅವರು ಇದ್ದಲ್ಲೇ ಉಳಿದರು. ಒಂದು ಕಾಲದಲ್ಲಿ ಮೈನರ್ ಲೀಗ್‌ನಲ್ಲಿ ಚೆಂಡೆಸೆಯುತ್ತಿದ್ದು ಆಮೇಲೆ ವಕೀಲರಾದ ಗ್ಯಾರೆಟ್ ಬ್ರೋಶಸ್ 2014ರಲ್ಲಿ ಹಳೆಯ ಆಟಗಾರರ ಪರವಾಗಿ ಮೊಕದ್ದಮೆಗೆ ನಿಂತರು. ಹೊಸ ಹುಡುಗನಿಗೆ ಆಗ ತಿಂಗಳಿಗೆ 1,100 ಡಾಲರ್, ಅದೂ ಋತುವಿನಲ್ಲಿ ಮಾತ್ರ. ಋತುವಿಗೆ ಮುಂಚಿನ ತರಬೇತಿಗೆ ಸಂಬಳವೇ ಇಲ್ಲ. ಇದು ಉದ್ಯೋಗವಲ್ಲ, ಕಲಿಕೆಯ ಅವಧಿ ಎಂಬುದು ಲೀಗ್‌ನ ವಾದ. 2018ರಲ್ಲಿ ಇವರನ್ನು ಕನಿಷ್ಠ ವೇತನದ ನಿಯಮಗಳಿಂದ ಬಹುಮಟ್ಟಿಗೆ ಹೊರಗಿಡುವ ಕಾನೂನನ್ನೂ ಅಮೆರಿಕದ ಸಂಸತ್ತು ಮಾಡಿತು.

ಆದರೂ ಹುಡುಗರು ಬಿಡಲಿಲ್ಲ. 2022ರಿಂದ ತಂಡಗಳೇ ವಸತಿ ಕೊಡತೊಡಗಿದವು. ಅದೇ ವರ್ಷ ಮೊಕದ್ದಮೆ 185 ಮಿಲಿಯನ್ ಡಾಲರ್ ಪರಿಹಾರಕ್ಕೆ ರಾಜಿಯಾಯಿತು. ಸೆಪ್ಟೆಂಬರಿನಲ್ಲಿ ಮೈನರ್ ಲೀಗ್ ಆಟಗಾರರು ಮೇಜರ್ ಲೀಗ್ ಆಟಗಾರರ ಸಂಘದೊಳಗೆ ಬಂದರು. 2023ರ ಮೊದಲ ಒಪ್ಪಂದದಿಂದ ಸಿಂಗಲ್ ಎ ಆಟಗಾರನ ಕನಿಷ್ಠ ವಾರ್ಷಿಕ ಸಂಬಳ 11,000 ಡಾಲರಿನಿಂದ 26,200ಕ್ಕೆ, ಟ್ರಿಪಲ್ ಎ ಆಟಗಾರನದು 17,500ರಿಂದ 35,800ಕ್ಕೆ ಏರಿತು. ಒಂಟಿ ವ್ಯಕ್ತಿಗೆ ಆ ವರ್ಷ ಅಮೆರಿಕ ಸರ್ಕಾರದ ಬಡತನದ ರೇಖೆ 14,580 ಡಾಲರ್. ಅಂದರೆ ಸಿಂಗಲ್ ಎ ಹುಡುಗನ ಹಳೆಯ ಸಂಬಳ ಆ ರೇಖೆಗಿಂತಲೂ ಕೆಳಗಿತ್ತು! ಇನ್ನೊಂದು ಮಾತನ್ನೂ ಹೇಳಬೇಕು. ಇದಕ್ಕೆ ಮುಂಚೆ, 2021ರಲ್ಲಿ, ಮೇಜರ್ ಲೀಗ್‌ನೊಂದಿಗೆ ನಂಟಿರುವ ತಂಡಗಳನ್ನು 120ಕ್ಕೆ ಇಳಿಸಲಾಯಿತು. ನಲವತ್ತರಷ್ಟು ಊರುಗಳು ಆ ನಂಟನ್ನು ಕಳೆದುಕೊಂಡವು.

ಆಟಗಳ ಬಗ್ಗೆ ಮಕ್ಕಳಿಗೆ ಹೇಳುವಾಗ ನಾವು ಗೆದ್ದು ಮೇಲೇರಿದವರ ಕಥೆಯನ್ನೇ ಹೇಳುತ್ತೇವೆ. ಅದು ಬೇಕು. ಜೊತೆಗೆ ಡೇವ್ ಕೋಜಾ ಅವರ ಕಥೆಯನ್ನೂ ಹೇಳಬೇಕು ಎನಿಸುತ್ತದೆ. ರಿಪ್ಕನ್, ಬಾಗ್ಸ್ ಮೇಲೇರಬೇಕಾದರೆ ಅವರಿಗೆ ಚೆಂಡೆಸೆಯಲು, ಎದುರು ನಿಂತು ಆಡಲು, ಅದೇ ಚಳಿಯಲ್ಲಿ ಬೆಳಗಿನ ಜಾವದವರೆಗೆ ನಿಲ್ಲಲು ಬೇರೆ ಹುಡುಗರು ಬೇಕಿತ್ತು. ಅವರಿಲ್ಲದೆ ಪಂದ್ಯವೇ ಇಲ್ಲ. ಮುಂದೆ ದೊಡ್ಡವನಾಗುತ್ತೀಯ ಎಂಬ ಆಸೆ ತೋರಿಸಿ ಇಂದಿನ ಕೂಲಿಯನ್ನು ಕಡಿಮೆ ಕೊಡುವುದು ಬೇಸ್‌ಬಾಲಿನಲ್ಲಿ ಮಾತ್ರ ಇರುವ ರೂಢಿಯೇನಲ್ಲ. ಅಲ್ಲಿ ಅದನ್ನು ಸರಿಪಡಿಸಲು ಬಹುಕಾಲ ಹಿಡಿಯಿತು. ನಿಮ್ಮ ಕಣ್ಣೆದುರಿನ ಕೆಲಸಗಳಲ್ಲಿ ಹೇಗಿದೆ? ಯೋಚಿಸಿ ನೋಡಿ.