ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಡಿಸ್ಕ್ 100%’ ಎಂದರೆ ಜಾಗ ಮುಗಿದಿದೆ ಎಂದೇ?

‘ಡಿಸ್ಕ್ 100% ಆಗಿದೆ, ಫೋಟೊ ಅಳಿಸಿ’ ಎಂಬ ಸಲಹೆಯನ್ನು ನಾವು ಆಗಾಗ ಕೇಳುತ್ತೇವೆ. ಇದು ತಪ್ಪು.

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಅಲ್ಲಿ ತೋರಿಸುವುದು ಡಿಸ್ಕ್ ಎಷ್ಟು ತುಂಬಿದೆ ಎಂದಲ್ಲ. ಓದುವ, ಬರೆಯುವ ಕೆಲಸದಲ್ಲಿ ಅದು ಎಷ್ಟು ಹೊತ್ತು ತೊಡಗಿದೆ ಎಂದು. ಅರ್ಧ ಖಾಲಿಯಿರುವ ಡಿಸ್ಕ್ ಕೂಡ 100% ಮುಟ್ಟಬಹುದು. ಅಪ್‌ಡೇಟ್, ಆಂಟಿವೈರಸ್ ಸ್ಕ್ಯಾನ್ ನಡೆಯುವಾಗ ಇದು ಸಾಮಾನ್ಯ.

ಹಾಗಾದರೆ ಏನು ನೋಡಬೇಕು? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ, ‘ಡಿಸ್ಕ್’ ಕಾಲಂ ಮೇಲೆ ಕ್ಲಿಕ್ ಮಾಡಿ. ಹೆಚ್ಚು ಓದು-ಬರಹ ನಡೆಸುತ್ತಿರುವ ಪ್ರೋಗ್ರಾಂ ಮೇಲೆ ಬರುತ್ತದೆ. ‘ಪರ್ಫಾರ್ಮೆನ್ಸ್’ ಟ್ಯಾಬ್‌ನಲ್ಲಿ ಸರಾಸರಿ ರೆಸ್ಪಾನ್ಸ್ ಟೈಮ್ ಇರುತ್ತದೆ. ಓದು-ಬರಹ ತೀರಾ ಕಡಿಮೆಯಿದ್ದೂ 100% ಇಳಿಯದೆ, ರೆಸ್ಪಾನ್ಸ್ ಟೈಮ್ ನೂರಾರು ಮಿಲಿಸೆಕೆಂಡ್‌ಗೆ ಏರುತ್ತಲೇ ಇದ್ದರೆ ಡಿಸ್ಕ್ ಕೆಡುತ್ತಿರಬಹುದು. ಆಗ ಫೋಟೊ ಅಳಿಸಬೇಡಿ. ಮೊದಲು ಬೇರೆಡೆಗೆ ಕಾಪಿ ಮಾಡಿಕೊಳ್ಳಿ.