'ಅಕಿ ಯಾರು' ಅಂತ ಕೇಳಬ್ಯಾಡ್ರಿ

2024ರಾಗ ಹಾಸನದ ಪೆನ್‌ಡ್ರೈವ್ ಸುದ್ದಿ ಬಂದಾಗ ನಾ ತಿಕೋಟಾದ ಚಾದಂಗಡಿಯೊಳಗ ಕುಂತಿದ್ದೆ. "ಅವ ಏನ್ ಮಾಡ್ಯಾನ?" ಅಂತ ಒಬ್ಬರೂ ಕೇಳಲಿಲ್ಲ. "ಅಕಿ ಯಾರು?" ಅಂತಲೇ ಎಲ್ಲರೂ ಕೇಳಿದ್ರು.

ಇತಿಹಾಸ ನೋಡ್ರಿ. 2012ರಲ್ಲಿ ವಿಧಾನಸಭೆಯೊಳಗಿನ ಅಶ್ಲೀಲ ವಿಡಿಯೋ ಪ್ರಕರಣದಲ್ಲಿ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟರು. ಅವರಲ್ಲೊಬ್ಬರಾದ ಲಕ್ಷ್ಮಣ ಸವದಿ 2019ರಲ್ಲಿ ಉಪಮುಖ್ಯಮಂತ್ರಿಯಾದರು. ಅಧಿಕಾರ ಇದ್ದವರಿಗೆ ಹಗರಣ ಅಂದ್ರ ನಾಕು ದಿನದ ಮಳಿ, ಅಷ್ಟೇ.

ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಆದದ್ದು ಹಗರಣ ಅಂತ ಕೂಡ ಅನಿಸಿಕೊಳ್ಳಲಿಲ್ಲ. ಈ ವಿಜಯಪುರ ಸೀಮೆಯಲ್ಲಿ ಅವರಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದರು. ಊರಿನ ದೊಡ್ಡ ಮಂದಿ ಬಳಸಿಕೊಂಡರು, ಅದಕ್ಕೆ 'ಪದ್ಧತಿ' ಅಂತ ಹೆಸರಿಟ್ಟರು. ಯಾರ ಕುರ್ಚಿಯೂ ಅಲುಗಾಡಲಿಲ್ಲ. ರಾಜ್ಯದಲ್ಲಿ ದೇವದಾಸಿ ನಿಷೇಧ ಕಾಯ್ದೆ ಆಗಿದ್ದೇ 1982ರಲ್ಲಿ.

ಹಾಸನದಲ್ಲಿ ಪ್ರಜ್ವಲ್ ರೇವಣ್ಣ ಚುನಾವಣೆ ಸೋತರು. ಆದರೆ 2025ರ ಆಗಸ್ಟ್‌ನಲ್ಲಿ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿದ್ದು ಮನೆಗೆಲಸದ ಒಬ್ಬ ಹೆಣ್ಣುಮಗಳು ಗಟ್ಟಿಯಾಗಿ ನಿಂತಿದ್ದಕ್ಕೆ. ವಿಡಿಯೋ ಹಂಚಿದವರು ಆಕೆಯಂಥವರ ಮುಖ ಊರಿಗೆಲ್ಲ ತೋರಿಸಿದರು, ಅಷ್ಟೇ.

ತಿಕೋಟಾ, ಬಬಲೇಶ್ವರದ ಗೆಳೆಯರೆ, ಇನ್ನೊಂದು ವಿಡಿಯೋ ಬಂದೇ ಬರ್ತದ. ಫಾರ್ವರ್ಡ್ ಮಾಡಬ್ಯಾಡ್ರಿ. ಅಕಿ ಯಾರಂತ ಹುಡುಕಬ್ಯಾಡ್ರಿ, ಅಕಿ ಜೊತಿ ನಿಲ್ರಿ.

ಜೈ ಭೀಮ್.