ಸಣ್ಣ ತುತ್ತಿನ ಯಂತ್ರಗಳು

2009ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮೊಫೆಟ್ ಫೀಲ್ಡ್‌ನಲ್ಲಿರುವ ನಾಸಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಮಣ್ಣು ಅಗೆಯುವ ಪಂದ್ಯವೊಂದು ನಡೆಯಿತು. ದೊಡ್ಡ ಪೆಟ್ಟಿಗೆಯೊಂದರಲ್ಲಿ ಚಂದ್ರನ ಮಣ್ಣನ್ನು ಹೋಲುವ ಪುಡಿ ತುಂಬಿತ್ತು. ಅರ್ಧ ಗಂಟೆಯೊಳಗೆ ಅದರಲ್ಲಿ ಕನಿಷ್ಠ 150 ಕಿಲೋ ಅಗೆದು ತೊಟ್ಟಿಗೆ ಸುರಿಯಬೇಕು. ಯಂತ್ರದ ತೂಕ 80 ಕಿಲೋ ಮೀರುವಂತಿಲ್ಲ. ಚಂದ್ರನಿಗೆ ಸಂದೇಶ ಹೋಗಿ ಬರಲು ಹಿಡಿಯುವ ಸಮಯವನ್ನು ನೆನಪಿಸುವಂತೆ, ಯಂತ್ರಕ್ಕೆ ಕೊಟ್ಟ ಆಜ್ಞೆಯೂ ತುಸು ತಡವಾಗಿಯೇ ತಲುಪುತ್ತಿತ್ತು.

2007ರಲ್ಲೂ 2008ರಲ್ಲೂ ಈ ಗುರಿಯನ್ನು ಯಾರೂ ಮುಟ್ಟಿರಲಿಲ್ಲ. ಬಹುಮಾನದ ಹಣ ಹಾಗೆಯೇ ಉಳಿದಿತ್ತು. ಮೂರನೆಯ ವರ್ಷ 23 ತಂಡಗಳು ಕಣಕ್ಕಿಳಿದವು, ಮೂರು ಗೆದ್ದವು. ಮೊದಲ ಸ್ಥಾನ ಪಡೆದದ್ದು ಮ್ಯಾಸಚೂಸೆಟ್ಸ್‌ನ ವೂಸ್ಟರ್ ಪಾಲಿಟೆಕ್ನಿಕ್‌ನಿಂದ ಬಂದ 'ಪಾಲ್ಸ್ ರೊಬೊಟಿಕ್ಸ್' ತಂಡ. ಅದರ ಮುಂದಾಳು ಪಾಲ್ ವೆಂಟಿಮಿಲಿಯಾ ಆಗಿನ್ನೂ ವಿದ್ಯಾರ್ಥಿ. ಅವರ 'ಮೂನ್‌ರೇಕರ್' ಅಗೆದದ್ದು 439 ಕಿಲೋ, ಗುರಿಯ ಹತ್ತಿರಹತ್ತಿರ ಮೂರು ಪಟ್ಟು. ಬಹುಮಾನ 5 ಲಕ್ಷ ಡಾಲರ್.

ಮಣ್ಣು ಅಗೆಯುವುದರಲ್ಲಿ ಅಂಥದ್ದೇನಿದೆ ಎನಿಸಬಹುದು. ಬೀದಿಯಲ್ಲಿ ಪೈಪು ಹಾಕಲು ಬರುವ ಜೆಸಿಬಿಯನ್ನು ನೆನೆಸಿಕೊಂಡರೆ ಉತ್ತರ ಸಿಗುತ್ತದೆ. ಅದರ ಬಕೆಟ್ ನೆಲವನ್ನು ಎಷ್ಟು ಒತ್ತುತ್ತದೋ ನೆಲವೂ ಅಷ್ಟೇ ಬಲದಿಂದ ತಿರುಗಿ ಒತ್ತುತ್ತದೆ. ಆಗ ಜೆಸಿಬಿ ಕದಲದೆ ನಿಲ್ಲುವುದು ಅದರ ತೂಕದಿಂದಾಗಿ. ಚಂದ್ರನ ಮೇಲೆ ತೂಕ ಆರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇಲ್ಲಿ 60 ಕಿಲೋ ತೂಗುವ ಯಂತ್ರ ಅಲ್ಲಿ 10 ಕಿಲೋದಂತೆ ವರ್ತಿಸುತ್ತದೆ. ದೊಡ್ಡ ತುತ್ತಿಗೆ ಬಾಯಿ ಹಾಕಿದರೆ ಮಣ್ಣು ಏಳುವುದಿಲ್ಲ, ಯಂತ್ರವೇ ಏಳುತ್ತದೆ, ಇಲ್ಲವೇ ಚಕ್ರ ನಿಂತಲ್ಲೇ ತಿರುಗುತ್ತದೆ. ಭಾರವಾದ ಯಂತ್ರವನ್ನೇ ಕಳಿಸೋಣವೆಂದರೆ, ಅಲ್ಲಿಗೆ ಒಯ್ಯುವ ಒಂದೊಂದು ಕಿಲೋಗೂ ವಿಪರೀತ ಖರ್ಚು.

ಇದರ ಮೇಲೆ ಧೂಳಿನ ಕಾಟ. ಗಾಳಿ, ನೀರು ಇಲ್ಲದ ಕಡೆ ಕಣಗಳು ಸವೆದು ನುಣುಪಾಗುವುದಿಲ್ಲ. ಗಾಜಿನ ಚೂರಿನಂತೆ ಹರಿತವಾಗಿಯೇ ಉಳಿದು, ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತವೆ. 1972ರ ಡಿಸೆಂಬರ್‌ನಲ್ಲಿ ಅಪೊಲೊ 17ರ ರೋವರಿನ ಮಡ್‌ಗಾರ್ಡ್ ಮುರಿದಾಗ, ಜೀನ್ ಸರ್ನನ್ ಮತ್ತು ಹ್ಯಾರಿಸನ್ ಶ್ಮಿಟ್ ನಕ್ಷೆಯ ಹಾಳೆಗಳನ್ನು ಟೇಪಿನಿಂದ ಅಂಟಿಸಿ ಹೊಸ ಮಡ್‌ಗಾರ್ಡ್ ಮಾಡಿಕೊಳ್ಳಬೇಕಾಯಿತು.

ಗೆದ್ದ ಯಂತ್ರದ ಉಪಾಯ ಸರಳವಾಗಿತ್ತು. ಸರಪಳಿಗೆ ಸಾಲಾಗಿ ಜೋಡಿಸಿದ ಪುಟ್ಟ ಬಕೆಟ್‌ಗಳು ಒಂದರ ಹಿಂದೆ ಒಂದು ಬಂದು ಚೂರುಚೂರೇ ಮಣ್ಣು ಕೆರೆದು ಮೇಲೆತ್ತುತ್ತವೆ. ಯಾವ ಬಕೆಟ್‌ಗೂ ಹೆಚ್ಚು ಬಲ ಬೇಕಿಲ್ಲ. ದೊಡ್ಡ ತುತ್ತು ಒಂದರ ಬದಲು ಸಣ್ಣ ತುತ್ತು ನೂರಾರು.

ಮರುವರ್ಷ, 2010ರಲ್ಲಿ, ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರ್ ರಾಬ್ ಮ್ಯೂಲರ್ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗಾಗಿಯೇ 'ಲೂನಬೊಟಿಕ್ಸ್' ಎಂಬ ಸ್ಪರ್ಧೆ ಶುರುಮಾಡಿದರು. ಇದರಲ್ಲಿ ಗಮನಿಸಬೇಕಾದದ್ದು ಅಂಕ ಕೊಡುವ ಕ್ರಮ. ಕನಿಷ್ಠ 10 ಕಿಲೋ ಅಗೆಯಬೇಕಿತ್ತು, ಹೆಚ್ಚು ಅಗೆದಷ್ಟೂ ಹೆಚ್ಚು ಅಂಕ ಸಿಗುತ್ತಿತ್ತು. ಆದರೆ ಯಂತ್ರದ ತೂಕಕ್ಕೆ ತಕ್ಕಂತೆ ಅಂಕ ಕಡಿತವಾಗುತ್ತಿತ್ತು, ಬಳಸಿದ ಡೇಟಾಕ್ಕೂ ಕಡಿತವಿತ್ತು. ಹಗುರಾಗಿರಬೇಕು, ಕಡಿಮೆ ಮಾತಾಡಬೇಕು, ಧೂಳು ತಡೆಯಬೇಕು ಎಂಬ ಚಂದ್ರಯಾನದ ಷರತ್ತುಗಳು ಹೀಗೆ ಕಾಲೇಜಿನ ವರ್ಕ್‌ಶಾಪಿಗೆ ಇಳಿದವು. ಮೊದಲ ವರ್ಷ ಮೊಂಟಾನಾ ಸ್ಟೇಟ್ ವಿಶ್ವವಿದ್ಯಾಲಯ ಗೆದ್ದಿತು. ಬಹುಪಾಲು ತಂಡಗಳು 10 ಕಿಲೋ ಕೂಡ ಮುಟ್ಟಲಿಲ್ಲ. 2011ರಲ್ಲಿ ಅಗೆತದಲ್ಲಿ ಮೇಲುಗೈ ಸಾಧಿಸಿದ್ದು ಕೆನಡಾದ ಗಣಿಯೂರು ಸಡ್ಬರಿಯ ಲಾರೆಂಟಿಯನ್ ವಿಶ್ವವಿದ್ಯಾಲಯ. ಅದೇ ವರ್ಷ ಢಾಕಾದ ಬ್ರ್ಯಾಕ್ ವಿಶ್ವವಿದ್ಯಾಲಯದ ಹುಡುಗರು 'ಚಂದ್ರಬಾಟ್' ಎಂಬ ಯಂತ್ರ ಹೊತ್ತು ಅಲ್ಲಿಗೆ ಹೋಗಿದ್ದರು.

ಇದೇ ಮ್ಯೂಲರ್, ಕೆನಡಿ ಕೇಂದ್ರದಲ್ಲಿ 'ಸ್ವಾಂಪ್ ವರ್ಕ್ಸ್' ಎಂಬ ಪ್ರಯೋಗಾಲಯ ಕಟ್ಟಿದವರಲ್ಲೂ ಒಬ್ಬರು. ಅಲ್ಲಿ ರೂಪುಗೊಂಡ ರೋವರ್ 'ರಾಸರ್'. ಹಿಂದೆ ಮುಂದೆ ಒಂದೊಂದು ಡ್ರಮ್, ಅವುಗಳ ಮೈತುಂಬ ಸಣ್ಣ ಸಣ್ಣ ಬಾಯಿಗಳು. ಎರಡೂ ಎದುರುಬದುರು ದಿಕ್ಕಿನಲ್ಲಿ ತಿರುಗುವುದರಿಂದ ಒಂದು ಎಳೆದರೆ ಇನ್ನೊಂದು ಆ ಎಳೆತವನ್ನು ಸರಿದೂಗಿಸುತ್ತದೆ. ಹಗುರವಾದ ಯಂತ್ರವೂ ಜಾರದೆ ಅಗೆಯುತ್ತದೆ. ಕೆರೆದ ಮಣ್ಣು ಡ್ರಮ್ಮಿನೊಳಗೇ ಕೂಡುತ್ತದೆ, ಡ್ರಮ್ ತಿರುವುಮುರುವಾಗಿ ಸುತ್ತಿದರೆ ಹೊರಬೀಳುತ್ತದೆ.

ರಾಸರ್‌ನ ಡ್ರಮ್ ವಿದ್ಯಾರ್ಥಿಗಳ ಕೊಡುಗೆ ಎಂದರೆ ಸುಳ್ಳಾಗುತ್ತದೆ. ಅಂಥ ಡ್ರಮ್‌ಗಳ ಅಧ್ಯಯನ ಸ್ಪರ್ಧೆಗಳ ಹೊರಗೆ, ಉದ್ಯಮದಲ್ಲೇ ನಡೆದಿತ್ತು. ಆದರೆ ಸಣ್ಣ ತುತ್ತೇ ದಾರಿ ಎಂಬುದು ಕಾಗದದ ಲೆಕ್ಕದಿಂದ ಕಣ್ಣೆದುರಿನ ಅನುಭವವಾದದ್ದು ಈ ಪಂದ್ಯಗಳಲ್ಲಿ. ಒಂದು ಪ್ರಯೋಗಾಲಯ ಒಂದೆರಡು ಮಾದರಿ ಕಟ್ಟಿ ನೋಡಬಹುದು. ಸ್ಪರ್ಧೆಯಲ್ಲಿ ಪ್ರತಿವರ್ಷ ಹತ್ತಾರು ಯಂತ್ರಗಳು ಒಂದೇ ಮಣ್ಣಿನಲ್ಲಿ, ಒಂದೇ ತೀರ್ಪುಗಾರರ ಮುಂದೆ ಸೋಲುತ್ತವೆ. ಒಂದರ ಚಕ್ರ ಹೂತುಹೋಗುತ್ತದೆ, ಒಂದರ ಸರಪಳಿಗೆ ಧೂಳು ಸಿಕ್ಕಿಕೊಳ್ಳುತ್ತದೆ, ಇನ್ನೊಂದರ ಕ್ಯಾಮೆರಾ ಕುರುಡಾಗುತ್ತದೆ. ಇಷ್ಟೊಂದು ಬಗೆಯಲ್ಲಿ ಸೋತು ಕಲಿಯಲು ಯಾವ ಯೋಜನೆಯ ಬಜೆಟ್ಟೂ ಅವಕಾಶ ಕೊಡದು. ಹೊರಗಿನವರ ಕಲ್ಪನೆಯ ಬೆಲೆ ನಾಸಾಕ್ಕೂ ಗೊತ್ತು. 2020ರಲ್ಲಿ ರಾಸರ್ ಡ್ರಮ್ಮಿನ ಆಕಾರ ಸುಧಾರಿಸಿಕೊಡಿ ಎಂದು ಅದು ಸಾರ್ವಜನಿಕರಿಗೇ ಸ್ಪರ್ಧೆ ಒಡ್ಡಿತು.

ಬೆಂಗಳೂರಿಗೂ ಈ ಕ್ರಮ ಬಂದಿದೆ. 2023ರ ಆಗಸ್ಟ್‌ನಲ್ಲಿ 26 ಕಿಲೋದ ಪ್ರಗ್ಯಾನ್ ಚಂದ್ರನ ಮೇಲೆ ಓಡಾಡಿದ ಬಳಿಕ, ಇಸ್ರೋದ ಯು.ಆರ್. ರಾವ್ ಉಪಗ್ರಹ ಕೇಂದ್ರ ದೇಶದ ವಿದ್ಯಾರ್ಥಿಗಳನ್ನು ರೋವರ್ ಕಟ್ಟಲು ಕರೆಯಿತು. 2025ರ ಆವೃತ್ತಿಗೆ ಜಿಪಿಎಸ್ ಇಲ್ಲದೆ ತಾನೇ ದಾರಿ ಕಂಡುಕೊಂಡು ಹಾರುವ ಯಂತ್ರವನ್ನು ಕೇಳಿತು. ಅಲ್ಲಿ ಗೆದ್ದವರ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಮುಂದಿನ ರೋವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು, ಕಣದ ನಡುವೆ ಕೆಟ್ಟು ನಿಂತ ಯಂತ್ರ ಏಕೆ ನಿಂತಿತು ಎಂದು ಯಾರಾದರೂ ಕೂತು ಬರೆದಿಟ್ಟ ಟಿಪ್ಪಣಿ.